ಒಪ್ಪಿಕೊಂಡ ಮಾತನ್ನು ಹಿಂದೆಗೆಯಬಹುದೋ?

ಪಾಪವನ್ನು ಮರೆಮಾಡದೆ ಅರಿಕೆಮಾಡಬೇಕೆಂದು ನಾವು ಸಭೆಗಳಲ್ಲಿ ಬೋಧಿಸುತ್ತೇವೆ. ಹೀಗಿರಲಾಗಿ, ನ್ಯಾಯಸ್ಥಾನದಲ್ಲಿ ತಪ್ಪನ್ನು ಒಪ್ಪಿಕೊಂಡವನು ತಿರುಗಿ ತಾನು ನಿರಪರಾಧಿಯೆಂದು ಅಪೀಲು ಮಾಡುವದು ಕ್ರೈಸ್ತನಿಗೆ ತಕ್ಕದ್ದೋ ಎಂದು ಸಭೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ವಿಶ್ವಾಸಿಯು ಎರಡು ನಾಲಿಗೆಯವನಾಗಬಾರದೆಂಬುದೇ ಅವರ ಭಾವ.

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಸಹೋದರನೊಬ್ಬನ ಮೇಲೆ ಅಡಿಕೆ ಕದ್ದನೆಂಬ ಆರೋಪ ಬಂತು. ಅವನು ಕದ್ದಿರಲಿಲ್ಲ. ಆದರೂ ವಾಯಿದೆಯಿಂದ ವಾಯಿದೆಗೆ ಕೂಲಿ ಬಿಟ್ಟು ಪೇಟೆಗೆ ಅಲೆಯುವದಕ್ಕಿಂತ, ಒಪ್ಪಿ ದಂಡ ಕಟ್ಟಿ ಮನೆಗೆ ಹೋಗುವದು ಲೇಸೆಂದು ಅವನಿಗೆ ಬುದ್ಧಿಹೇಳಿದವರುಂಟು. ಅವರಲ್ಲಿ ನಾವೂ ಒಬ್ಬರು. ಈಗ ಊರಲ್ಲಿ ಏನು ಕಳವಾದರೂ ಮೊದಲು ಅವನ ಬಾಗಿಲನ್ನೇ ತಟ್ಟುತ್ತಾರೆ.

ಸತ್ಯವೇದದ ಎರಡು ಒಪ್ಪಿಗೆಗಳನ್ನು ನೋಡಿರಿ. ಆಕಾನನು ಯೆಹೋಶುವನ ಮುಂದೆ ತನ್ನ ಕಳವನ್ನು ಅರಿಕೆಮಾಡಿದನು. ಯೆಹೋಶುವನು ಅಷ್ಟಕ್ಕೇ ಬಿಡದೆ ಆಳುಗಳನ್ನು ಕಳುಹಿಸಿದನು. ಅವರು ಡೇರೆಗೆ ಓಡಿಹೋಗಿ, ಬಚ್ಚಿಟ್ಟಿದ್ದ ನಿಲುವಂಗಿಯನ್ನೂ ಬೆಳ್ಳಿಬಂಗಾರವನ್ನೂ ಕಂಡು ತಂದರು. ಅಮಾಲೇಕ್ಯನೊಬ್ಬನಾದರೋ ಸೌಲನನ್ನು ತಾನೇ ಕೊಂದೆನೆಂದು ದಾವೀದನಿಗೆ ಹೇಳಿದನು. ಸೌಲನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತನೆಂದು ಸಮುವೇಲನ ಮೊದಲನೆಯ ಪುಸ್ತಕದ ಕಡೇ ಅಧ್ಯಾಯದಲ್ಲಿ ಓದುತ್ತೇವೆ. ಇವನದು ಬಹುಮಾನದ ಆಶೆಯಿಂದ ಹುಟ್ಟಿದ ಸುಳ್ಳು. ದಾವೀದನು ಯಾರನ್ನೂ ಕಳುಹಿಸಿ ವಿಚಾರಿಸದೆ, ಅವನ ಬಾಯಿಯ ಮಾತಿನ ಮೇಲೆಯೇ ಅವನನ್ನು ಕೊಲ್ಲಿಸಿದನು. ಮನುಷ್ಯನ ಬಾಯಿ ತನಗೆ ವಿರೋಧವಾಗಿಯೂ ಸುಳ್ಳಾಡಬಲ್ಲದು. ಆಶೆಯಾಗಲಿ ಭಯವಾಗಲಿ ಹಸಿವಾಗಲಿ ಅದನ್ನು ಆಡಿಸಬಲ್ಲದು.

ನಮ್ಮ ದೇಶದ ಕಾನೂನು ಇದನ್ನು ಪೂರಾ ಮರೆತಿಲ್ಲ. ತಾನೇ ಒಪ್ಪಿ ಶಿಕ್ಷೆಹೊಂದಿದವನಿಗೆ ಶಿಕ್ಷೆಯ ಪ್ರಮಾಣ, ಅದು ಕಾನೂನಿಗೆ ಸರಿಯೋ ಎಂಬುದು, ಇವುಗಳ ವಿಷಯದಲ್ಲಿ ಹೊರತು ಸಾಧಾರಣವಾಗಿ ಅಪೀಲು ಇಲ್ಲ. 1898ರ ಸಂಹಿತೆಯಲ್ಲಿಯೂ 1973ರದರಲ್ಲಿಯೂ ಹೀಗೆಯೇ ಇತ್ತು. 2024ರ ಜುಲೈ 1ರಿಂದ ನಡೆಯುತ್ತಿರುವ ಹೊಸ ಸಂಹಿತೆಯಲ್ಲಿಯೂ ಹೀಗೆಯೇ ಇದೆ. ಆದರೆ ಆರೋಪಿಯ ಒಪ್ಪಿಗೆಯನ್ನು ಸಾಧ್ಯವಾದಷ್ಟು ಅವನು ಆಡಿದ ಮಾತುಗಳಲ್ಲಿಯೇ ಮೇಜಿಸ್ಟ್ರೇಟರು ಬರೆಯಬೇಕು. ಅದು ಅರಿಯದೆಯೋ ಆಮಿಷದಿಂದಲೋ ಆದದ್ದೆಂದು ಕಂಡಲ್ಲಿ ಮೇಲಣ ನ್ಯಾಯಸ್ಥಾನಗಳು ಕಿವಿಗೊಟ್ಟದ್ದುಂಟು. ನಮ್ಮ ಕರ್ನಾಟಕದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ, ಬರೀ ದಂಡದಲ್ಲಿ ಬಿಡುವರೆಂದು ನಂಬಿ ಒಪ್ಪಿದವನಿಗೆ ಅಪೀಲಿನಲ್ಲಿ ಸೆರೆವಾಸ ವಿಧಿಸಿದ್ದು ನ್ಯಾಯವಲ್ಲವೆಂದೂ, ಅಂಥವನ ಶಿಕ್ಷೆಯನ್ನು ರದ್ದುಮಾಡಿ ತಿರುಗಿ ವಿಚಾರಣೆ ನಡಿಸಬೇಕೆಂದೂ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪು ವರದಿಗಳಲ್ಲಿ ಅಚ್ಚಾದದ್ದು 1983ರಲ್ಲಿ.

ಆದಕಾರಣ ಆ ಹಿರಿಯರಿಗೆ ನಾವು ಕೊಟ್ಟ ಉತ್ತರವೇನಂದರೆ: ಸುಳ್ಳಾದ ಒಪ್ಪಿಗೆಯನ್ನು ಹಿಂದೆಗೆಯುವವನು ಎರಡನೆಯ ಸುಳ್ಳನ್ನು ಆಡುವದಿಲ್ಲ, ಮೊದಲನೆಯದನ್ನು ತಿದ್ದುತ್ತಾನೆ. ನಿಜವಾಗಿ ಕದ್ದವನಾದರೋ ಈ ಬಾಗಿಲನ್ನು ತಟ್ಟದಿರಲಿ. ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ಮಾತ್ರ ಕೇಳಿಕೊಳ್ಳಲಿ. ನಮ್ಮ ಸಹೋದರನೂ ದೋಷವಿಲ್ಲದವನಲ್ಲ, ನ್ಯಾಯಾಧಿಪತಿಯ ಮುಂದೆ ಸುಳ್ಳಾಡಿದನಲ್ಲಾ! ಆದರೆ ಆ ಸುಳ್ಳನ್ನು ಬಾಯಿಗೆ ಹಾಕಿಕೊಟ್ಟವರ ಲೆಕ್ಕ ದೊಡ್ಡದು.

ಸೆಷನ್ಸ್ ನ್ಯಾಯಸ್ಥಾನಕ್ಕೆ ಅಪೀಲಿನ ಅವಧಿ 30 ದಿನಗಳು, ಅದು ಕಳೆದುಹೋಗಿತ್ತು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವದುಂಟು. ಸ್ತ್ರೀಯರಿಗೂ ಸೆರೆಯಲ್ಲಿರುವವರಿಗೂ ವರಮಾನ ಕಡಿಮೆಯಿರುವವರಿಗೂ 1987ರ ಕಾನೂನಿನ ಮೇರೆಗೆ ಧರ್ಮಾರ್ಥವಾಗಿ ವಕೀಲರನ್ನು ಕೊಡುತ್ತಾರೆ. ಅದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ಕಳೆದ ಸೋಮವಾರ ಅವನ ಸಂಗಡ ಅಲ್ಲಿಗೆ ಹೋಗಿ, ಆ ದಿನ ಒಪ್ಪಿಕೋ ಎಂದು ಹೇಳಿದವರು ನಾವೇ ಎಂದು ಬರೆದು ರುಜುಹಾಕಿ ಬಂದೆವು.