ಹೊಳೆ ಮಾಡುವ ಪೂಜೆ

ಯಾರೂ ನೋಡದಿದ್ದಾಗಲೂ ಪೂಜೆ ಪೂಜೆಯೇ? ಪಾಪಿನಾಯಕನಹಳ್ಳಿಯ ನಮ್ಮ ಮನೆಗೆ ಬಂದ ನೆಂಟರನ್ನು ಹಂಪಿಗೆ ಕರೆದೊಯ್ದು, ತುಂಗಭದ್ರೆಯ ಚಕ್ರತೀರ್ಥದಲ್ಲಿ ಹರಿಗೋಲು ಹತ್ತಿಸಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆತ್ತ ಹೆಣೆದು ಚರ್ಮ ಹೊದಿಸಿದ ಇಂಥ ದುಂಡನೆಯ ದೋಣಿಗಳನ್ನು ಬಣ್ಣಿಸಿದ್ದಾನೆ. ಅಂದಿನವರು ಹೊಳೆ ದಾಟಲು ಹತ್ತುತ್ತಿದ್ದರು, ನಾವು ನೋಡಲು ಹತ್ತುತ್ತೇವೆ.

ಕೋದಂಡರಾಮ ಗುಡಿಯ ಮುಂದಿನಿಂದ ಹೊರಟು ಬಂಡೆಗಳ ನಡುವೆ ಸಾಗಿದರೆ ಕೋಟಿಲಿಂಗ. ಹಾಸುಬಂಡೆಯ ಮೇಲೆ ಸಾಲುಸಾಲಾಗಿ ಕೊರೆದ ಪುಟ್ಟ ಲಿಂಗಗಳು. ಗೋಪುರವಿಲ್ಲ, ಗರ್ಭಗುಡಿಯಿಲ್ಲ, ಗಂಟೆಯಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಹರಿಗೋಲುಗಳು ನಿಲ್ಲುತ್ತವೆ. ಲಿಂಗಗಳ ಜೊತೆ ಹೊಳೆಯಂಚಿನ ಪುರಂದರ ಮಂಟಪವೂ ಮುಳುಗುತ್ತದೆ. ಪ್ರವಾಸ ಕೆಟ್ಟಿತೆಂದು ನೆಂಟರು ಬೇಸರಪಡುತ್ತಾರೆ. ನನಗೆ ಮಾತ್ರ ಅದು ಅಭಿಷೇಕದ ಹೊತ್ತು. ಲಿಂಗ ಕೊರೆಯಲು ಊರೊಳಗೆ ಬಂಡೆಗಳಿಗೆ ಬರವಿರಲಿಲ್ಲ. ಆದರೂ ನೀರಿನಂಚನ್ನೇ ಆರಿಸಿಕೊಂಡ ಕಲ್ಲುಕುಟಿಗನಿಗೆ ನೆರೆಯ ಅರಿವು ಇಲ್ಲದಿರಲಾರದು. ಅವನು ಲಿಂಗಗಳನ್ನು ಹೊಳೆಯ ಕೈಗೆ ಒಪ್ಪಿಸಿದ ಎಂದೇ ನಾನು ನಂಬಿದ್ದೇನೆ.

ಹಾಗಾದರೆ ನಮ್ಮ ದರ್ಶನಕ್ಕೆ ಬೆಲೆಯಿಲ್ಲವೇ? ಇದೆ. ದೇವರಿಗೆ ನಮ್ಮ ಕಣ್ಣು ಬೇಕಿಲ್ಲ. ನಾವಿಲ್ಲದೆಯೂ ನಡೆಯುವ ಪೂಜೆಯೊಂದಿದೆ ಎಂದು ತಿಳಿಯಲು ನಮಗೇ ಆ ಕಣ್ಣು ಬೇಕು. ಆ ತಿಳಿವು ಅಹಂಕಾರವನ್ನು ಕರಗಿಸುತ್ತದೆ. ಭಕ್ತಿಯ ಮೊದಲ ಮೆಟ್ಟಿಲು ಅದೇ.

ಹರಿಗೋಲು ಹತ್ತುವವರಲ್ಲಿ ನನ್ನದೊಂದು ಬೇಡಿಕೆ: ಕೋಟಿಲಿಂಗದ ಬಳಿ ಚಪ್ಪಲಿ ಬಿಡಿ, ಫೋನನ್ನು ಜೇಬಿಗಿಳಿಸಿ, ಲಿಂಗಗಳ ಮೇಲೆ ಕಾಲಿಡಬೇಡಿ. ಹೊಳೆಗೆ ಪ್ಲಾಸ್ಟಿಕ್ ಎಸೆಯಲೇಬೇಡಿ. ಅಲ್ಲಿ ಪೂಜೆ ಮಾಡುವುದು ಆ ನೀರೇ.