ಮಿಕ್ಕುದು ಯಾರದು?

ಒಬ್ಬನೇ ಮಾಡಹೊರಟರೆ ದಿನಕ್ಕೆ 20 ಗುಂಡುಸೂಜಿಗಳೂ ಆಗವು. ಹತ್ತು ಮಂದಿ ಕೆಲಸ ಹಂಚಿಕೊಂಡರೆ 48,000 ಆಗುವುವೆಂದು ಆಡಂ ಸ್ಮಿತ್ 1776ರಲ್ಲಿ ಬರೆದನು. ಸಂಪತ್ತು ಬೆಳೆಯುವ ಬಗೆಯನ್ನು ಇಷ್ಟು ತಿಳಿಯಾಗಿ ತೋರಿಸಿದವರು ವಿರಳ. ಕೂಲಿಯನ್ನು ಮೀರಿ ಮಿಕ್ಕುದೂ ದುಡಿದವನೇ ಹುಟ್ಟಿಸಿದುದೆಂದು 1867ರಲ್ಲಿ ವಾದಿಸಿದವನು ಕಾರ್ಲ್ ಮಾರ್ಕ್ಸ್.

ನಮ್ಮ ಶರಣರಲ್ಲಿ ಈ ಪ್ರಶ್ನೆ ಬೇರೊಂದು ಬಾಗಿಲಿನಿಂದ ಬಂದಿತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಹೆಚ್ಚು ತಂದಾಗ, ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹೆಂಡತಿ ಲಕ್ಕಮ್ಮ ಹೇಳಿದಳಂತೆ. ತರಗತಿಯಲ್ಲಿ ಇದನ್ನು ಸಂತೃಪ್ತಿಯ ಪಾಠವೆಂದು ಮುಗಿಸುವುದುಂಟು. ಅಷ್ಟು ಸಾಲದು. ಲಕ್ಕಮ್ಮ ಮಿತಿ ಹಾಕಿದ್ದು ತನ್ನ ಮನೆಯ ಗಡಿಗೆಗೆ.

ಸೊಲ್ಲಾಪುರವನ್ನೇ ನೋಡಿರಿ. 12ನೆಯ ಶತಮಾನದಲ್ಲಿ ಸಿದ್ಧರಾಮರ ಮುಂದಾಳುತನದಲ್ಲಿ ಬಹುಜನರ ದುಡಿಮೆ ಅಲ್ಲಿ ಕೆರೆಯಾಗಿ ನಿಂತಿತು, ಊರಿಗೆ ನೀರಾಯಿತು. 1877ರಲ್ಲಿ ಅದೇ ಊರಿಗೆ ನೂಲುವ, ನೇಯುವ ಗಿರಣಿ ಬಂದಿತು. ಬಹುಜನರ ದುಡಿಮೆಯೇ ಅಲ್ಲಿಯೂ. ಮಿಕ್ಕುದು ಮಾತ್ರ ಪಾಲುದಾರರ ಲಾಭ. ಗಿರಣಿಯ ಒಡೆಯನೊಬ್ಬನು ಕೂಲಿಕಾರನಿಗೆ ಲಕ್ಕಮ್ಮನ ಮಾತನ್ನು ಬೋಧಿಸಹೊರಟರೆ, ಒಳ್ಳೆಯ ಮಾತೇ ಅನ್ಯಾಯವಾಗುವುದು. ಸುರಿದು ಬರಲು ಆ ಕೂಲಿಕಾರನ ಗಡಿಗೆಯಲ್ಲಿ ಮಿಕ್ಕುದೇನು? ಒಡೆಯನ ಕೀರ್ದಿಪುಸ್ತಕವನ್ನು ಲಕ್ಕಮ್ಮನ ಮುಂದೆ ಇಟ್ಟಿದ್ದರೆ ಅವಳು ಏನೆನ್ನುತ್ತಿದ್ದಳು?