ಹೆಸರು ಮತ್ತು ಹೆಚ್ಚಿನ ಅಕ್ಕಿ



ಕಳೆದ ತಿಂಗಳು ಮುಡಬಿ ಕಡೆಯ ತರುಣನೊಬ್ಬ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಇದಕ್ಕಿಂತ ಒಳ್ಳೆಯದೊಂದನ್ನು ಹುಡುಕುತ್ತಿದ್ದ. ಲಿಂಕ್ಡ್‌ಇನ್ ಜಾಲತಾಣದಲ್ಲಿ ಅವನ ಭಾವಚಿತ್ರ, ಅದರ ಕೆಳಗೆ 'ತಂಡದ ನಾಯಕ' ಎಂಬ ಬಿರುದು.

"ಫಾದರ್, ನಾ ಅಲ್ಲಿ ಇನ್ನಾ ಕೆಲಸ ಕಲಿಯಾಕತ್ತೀನ್ರಿ. ಆದ್ರ ಹಂಗಂತ ಬರದ್ರ ಯಾರು ಕರೀತಾರ್ರಿ? ಎಲ್ಲಾರೂ ಹಿಂಗೇ ಬರೀತಾರ. ಇದು ಪಾಪ ಏನ್ರಿ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಪ್ರತಿಯೊಬ್ಬ ನೌಕರನೂ ತನ್ನ ಹೆಸರನ್ನೇ ಒಂದು ಬ್ರಾಂಡ್‌ನಂತೆ ಬೆಳೆಸಬೇಕೆಂದು ಅಮೆರಿಕದ ಟಾಮ್ ಪೀಟರ್ಸ್ 1997ರಲ್ಲಿ 'ಫಾಸ್ಟ್ ಕಂಪನಿ' ಪತ್ರಿಕೆಯಲ್ಲಿ ಬರೆದರು. ಆ ಮಾತು ಈಗ ನಮ್ಮ ಹಳ್ಳಿಗಳಿಗೂ ಬಂದಿದೆ. ಅದನ್ನು ಕೇಳಿ ನಗುವುದು ವಶೀಲಿ ಇದ್ದವರಿಗೆ ಸುಲಭ. ನನಗೂ ಸುಲಭವೇ, ಈ ನಿಲುವಂಗಿ ತೊಟ್ಟವನಿಗೆ ಹೋದಲ್ಲೆಲ್ಲ ಕುರ್ಚಿ ಹಾಕುತ್ತಾರೆ. ತೊಗರಿ ಬೆಳೆಯುವವರ ಮಗ ತನ್ನ ಕೈಲಾಗುವುದನ್ನು ತಾನೇ ಹೇಳಿಕೊಳ್ಳದಿದ್ದರೆ ಬೇರೆ ಯಾರು ಹೇಳಿಯಾರು?

ತನ್ನಲ್ಲಿರುವ ಒಳಿತನ್ನು ಬಲ್ಲವನಾಗುವುದು ಪಾಪವಲ್ಲವೆಂದು ಸಂತ ಥಾಮಸ್ ಅಕ್ವಿನಾಸರು ಸ್ಪಷ್ಟವಾಗಿ ಬರೆದಿದ್ದಾರೆ. ಅವರ ಪ್ರಕಾರ ಕೀರ್ತಿ ಪೊಳ್ಳಾಗುವುದು ಮೂರು ರೀತಿಯಲ್ಲಿ: ಇಲ್ಲದ್ದಕ್ಕೆ ಅಥವಾ ಅಲ್ಪವಾದುದಕ್ಕೆ ಹೊಗಳಿಕೆ ಬಯಸಿದಾಗ, ಸರಿಯಾಗಿ ತೂಗಲಾರದವರಿಂದ ಅದನ್ನು ಬಯಸಿದಾಗ, ದೇವರ ಮಹಿಮೆಗಾಗಲಿ ನೆರೆಯವರ ಹಿತಕ್ಕಾಗಲಿ ಅಲ್ಲದೆ ಬಯಸಿದಾಗ. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಬಸವಕಲ್ಯಾಣದ ನೆರೆಗೆ ಬಂದ ಮೇಲೆ.

ಹನ್ನೆರಡನೆಯ ಶತಮಾನದ ಶರಣರನ್ನು ನಾವು ಇಂದಿಗೂ ಅವರ ಕಾಯಕದಿಂದಲೇ ಗುರುತಿಸುತ್ತೇವೆ: ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ವಚನದ ಕೊನೆಯ ಅಂಕಿತವಾಗಿ ಹೆಚ್ಚಿನವರು ಇಟ್ಟದ್ದು ತಮ್ಮ ಇಷ್ಟದೈವದ ಹೆಸರನ್ನು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಇಟ್ಟ, ಅದೂ ಕಸುಬಿನ ಸಮೇತ. ಅದನ್ನು ಜಂಬವೆನ್ನಲು ನನಗೆ ಮನಸ್ಸಿಲ್ಲ. ಅಂಬಿಗನೆಂದು ಹೇಳಿಕೊಂಡ, ಅಂಬಿಗನೇ ಆಗಿದ್ದ.

ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದನಂತೆ. ಮಡದಿ ಲಕ್ಕಮ್ಮ ಅದನ್ನು ಅಳೆದು ನೋಡಿ, ಈ ಆಸೆ ನಿಮಗೇಕೆ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿರೆಂದು ಕಳುಹಿಸಿದಳು. ಆಯ್ದು ತರುವುದನ್ನು ಅವಳು ಬೇಡವೆನ್ನಲಿಲ್ಲ, ಗಮನಿಸಿ. ಅವಳ ತಕರಾರು ಅಳತೆ ಮೀರಿದ ಆ ಒಂದು ಹಿಡಿಯ ಬಗ್ಗೆ.

ಕೆಲಸ ಸಿಗುವಷ್ಟು ಹೆಸರು ಬೇಕು. ಯೇಸುಸ್ವಾಮಿಯೂ ದೀಪವನ್ನು ಕೊಳಗದ ಕೆಳಗೆ ಮುಚ್ಚಿಡಬೇಡಿರೆಂದರು. ಅದೇ ಬೆಟ್ಟದ ಪ್ರಬೋಧನೆಯಲ್ಲಿ, ದಾನ ಕೊಡುವಾಗ ತುತ್ತೂರಿ ಊದಿಸಬೇಡಿರೆಂದೂ ಹೇಳಿದರು. 'ತಂಡದ ನಾಯಕ' ಎಂಬ ಎರಡು ಪದ ಹೆಚ್ಚಿನ ಅಕ್ಕಿ. ಅದು ಯಾರದೋ ಪಾಲು: 'ಇನ್ನೂ ಕಲಿಯುತ್ತಿದ್ದೇನೆ' ಎಂದು ನಿಜ ಬರೆದು ಅದೇ ಸಂದರ್ಶನಕ್ಕೆ ಕಾದು ಕುಳಿತ ಇನ್ನೊಬ್ಬ ಬಡವನ ಮಗನದು. ಎಲ್ಲರೂ ಬರೆಯುತ್ತಾರೆಂಬ ಮಾತು ಆ ಹುಡುಗನಿಗೆ ಏನು ಸಮಾಧಾನ ಕೊಟ್ಟೀತು?

ಇಷ್ಟೆಲ್ಲ ಹೇಳಿದ ಮೇಲೆ ತರುಣ ಸುಮ್ಮನೆ ಕುಳಿತ. ಜೊತೆಗೆ ಬಂದಿದ್ದ ತಾಯಿಗೆ ಮೊಬೈಲಿನ ಅಕ್ಷರ ಓದಲು ಬರುವುದಿಲ್ಲ. ಅವರು ಕೇಳಿದ್ದು ಒಂದೇ: "ನಿನ್ನ ಸಂಗಾಟ ಕೆಲಸ ಮಾಡೋ ಹುಡುಗ್ರು ಇದನ್ನ ನೋಡ್ತಾರೇನಪಾ?"

ಅವನು ಅಲ್ಲೇ ಆ ಎರಡು ಪದ ಅಳಿಸಿ, ತಾನು ಕಲಿತ ಕೆಲಸಗಳನ್ನು ಒಂದೊಂದಾಗಿ ಬರೆದ. ಹೊಸ ಕೆಲಸದ ಕರೆ ಇನ್ನೂ ಬಂದಿಲ್ಲ. ಭಾನುವಾರ ಫೋನು ಮಾಡಿದಾಗ ಮೊದಲು ಅದನ್ನೇ ಹೇಳುತ್ತಾನೆ. ಪ್ರತಿ ಸಲವೂ ನನಗೆ ಎದೆ ಚುರುಕ್ಕೆನ್ನುತ್ತದೆ.